ಒಂದು ಒತ್ತಲೋ, ಎರಡು ಒತ್ತಲೋ

ನಮ್ಮ ಟಿಳಕವಾಡಿಯಲ್ಲಿ ಸುದ್ದಿ ಹುಟ್ಟುವುದು ರೈಲ್ವೆ ಗೇಟಿನಲ್ಲಿ. ಮೊದಲನೇ ಗೇಟು, ಎರಡನೇ ಗೇಟು, ಮೂರನೇ ಗೇಟು ಎಂದು ನಮ್ಮ ವಿಳಾಸಗಳೇ ಅವುಗಳ ಹೆಸರಿನಲ್ಲಿವೆ. ಗೇಟು ಬಿತ್ತೆಂದರೆ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಸ್ಕೂಟರು ಆರಿಸಿ, ಕಾಯಿಪಲ್ಲೆಯ ಚೀಲ ಕಾಲಸಂದಿಯಲ್ಲಿಟ್ಟುಕೊಂಡು, ಪಕ್ಕದವರ ಮನೆಯ ವಿಚಾರ ಕೇಳದೆ ಇನ್ನೇನು ಮಾಡಬೇಕು ಹೇಳಿ? 2019ರ ಜೂನ್ ತಿಂಗಳಲ್ಲಿ ನೀಟ್ ಪರೀಕ್ಷೆಯ ಫಲಿತಾಂಶ ಬಂದು, ನನ್ನ ಮಗಳಿಗೆ ಸರ್ಕಾರಿ ಮೆಡಿಕಲ್ ಸೀಟು ಸಿಗುವಷ್ಟು ಅಂಕ ಬಂದಿವೆ ಎಂಬ ಸುದ್ದಿ ಎರಡನೇ ಗೇಟಿನಲ್ಲಿ ಹೊರಟದ್ದು, ನಾನು ಮನೆ ಮುಟ್ಟುವುದರೊಳಗೆ ಓಣಿಯ ಕೊನೆಯ ಮನೆಯನ್ನೂ ಮುಟ್ಟಿತ್ತು.

"ಎಲ್ಲಿ ಹಾಕತೀರಿ ಆಕಿನ್ನ?" ಎಂಬುದು ಎಲ್ಲರ ಪ್ರಶ್ನೆ.

ಈ 'ಹಾಕುವ' ಮಾತು ನನಗೆ ಮೊದಲಿನಿಂದಲೂ ವಿಚಿತ್ರವೆನಿಸುತ್ತದೆ. ಹೆಣ್ಣುಮಕ್ಕಳನ್ನು ನಾವು ಸಾಲಿಗೆ ಹಾಕುತ್ತೇವೆ, ಕಾಲೇಜಿಗೆ ಹಾಕುತ್ತೇವೆ, ಆಮೇಲೆ ಒಂದು ಮನೆಗೆ ಕೊಡುತ್ತೇವೆ. ಉಪ್ಪಿನಕಾಯಿಯನ್ನೂ ಹಾಕುತ್ತೇವೆ, ನೆರೆಮನೆಗೂ ಕೊಡುತ್ತೇವೆ. ಹುಡುಗಿ ತಾನಾಗಿ ಎಲ್ಲಿಗಾದರೂ ಹೋಗುತ್ತಾಳೆ ಎನ್ನುವುದಕ್ಕೆ ನಮ್ಮ ಮಾತಿನಲ್ಲಿ ಒಳ್ಳೆಯ ಅರ್ಥವೇ ಉಳಿದಿಲ್ಲ.

ಅಪ್ಪ ಮುಂಜಾನೆ ವ್ಯಾಕ್ಸಿನ್ ಡಿಪೋದಲ್ಲಿ ತಿರುಗಾಡಲು ಹೋಗುತ್ತಾರೆ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ಅಳಿಯಿತೆಂದು ಸಾರಿತು. ಈಗ ಅಲ್ಲಿ ಉಳಿದಿರುವುದು ದೊಡ್ಡ ದೊಡ್ಡ ಮರಗಳು, ಅವುಗಳ ಕೆಳಗೆ ಸಕ್ಕರೆ ಕಾಯಿಲೆಯ ಹಿರಿಯರು. ಅಪ್ಪನ ತೋಳಿನ ಮೇಲೆ ಆ ಹಳೆಯ ಲಸಿಕೆಯ ಗುರುತು ಇನ್ನೂ ಇದೆ. ಅದನ್ನು ಹೊತ್ತುಕೊಂಡು ಹೋಗಿ ದಿನಕ್ಕೊಂದು ಮೆಡಿಕಲ್ ಕಾಲೇಜಿನ ಹೆಸರು ತರುತ್ತಿದ್ದರು. ಸೋಮವಾರ "ಬೆಂಗಳೂರು ಅಂದ್ರ ಬೆಂಗಳೂರು." ಮಂಗಳವಾರ "ಮಣಿಪಾಲದಂಥಾದ್ದು ಎಲ್ಲೂ ಇಲ್ಲಂತ." ಬುಧವಾರ "ಗೋವಾದ್ದು ಭಾಳ ಹಳೇದಂತ, ಪೋರ್ಚುಗೀಜರ ಕಾಲದ್ದು." ಆ ಮಾತೇನೋ ಖರೆ. ಪಣಜಿಯಲ್ಲಿ 1842ರಲ್ಲೇ ವೈದ್ಯಕೀಯ ಶಾಲೆ ಶುರುವಾಗಿತ್ತು. ಆದರೆ ಆ ಮಾತಿನಿಂದ ನಮಗೇನು ಉಪಯೋಗ? ಗೋವಾದ ಸೀಟು ಹೆಚ್ಚಾಗಿ ಗೋವಾದವರಿಗೆ.

ನಮ್ಮ ಕೈಗೆಟುಕುವವು ಯಾವುವು ಎಂದು ರಾತ್ರಿ ಊಟದ ಮೇಲೆ ಲೆಕ್ಕ ಹಾಕಿದೆವು. ಮನೆಯಿಂದ ಹೊರಬಿದ್ದರೆ ಊರಲ್ಲೇ ಎರಡು ಕಾಲೇಜುಗಳಿವೆ. 1963ರಲ್ಲಿ ಕೆ.ಎಲ್.ಇ. ಸಂಸ್ಥೆ ತೆರೆದ ಜವಾಹರಲಾಲ ನೆಹರು ಮೆಡಿಕಲ್ ಕಾಲೇಜು ನಮ್ಮ ಭಾಗದ ಮೂರು ತಲೆಮಾರಿನ ಡಾಕ್ಟರರನ್ನು ತಯಾರು ಮಾಡಿದೆ. 2006ರಲ್ಲಿ ಕೆ.ಎಲ್.ಇ. ತನ್ನದೇ ವಿಶ್ವವಿದ್ಯಾಲಯವಾದ ಮೇಲೆ ಆ ಸೀಟಿನ ದಾರಿ ಬೇರೆ, ಶುಲ್ಕದ ಲೆಕ್ಕವೂ ಬೇರೆ. ಖಾಸಗಿ ಸೀಟು ಎಂದಕೂಡಲೇ ನಮ್ಮತ್ತೆಯವರು ಖಾನಾಪುರದ ಕಡೆಯ ತಮ್ಮ ಗದ್ದೆಯ ಹೆಸರು ತೆಗೆದರು. "ನಾ ಏನ ಅದನ್ನ ಸ್ವರ್ಗಕ್ಕ ಒಯ್ಯತೀನೇನು? ಮಾರ್ರಿ." ಮಗಳು ಬೇಡವೆಂದಳು. ಗದ್ದೆ ಮಾರಿ ಓದಿದರೆ ಮುಂದೆ ಜನ್ಮವಿಡೀ ರೋಗಿಯ ಮುಖದಲ್ಲಿ ಗದ್ದೆಯೇ ಕಾಣುತ್ತದೆ ಎಂದಳು. ಹದಿನೆಂಟರ ಹುಡುಗಿಗೆ ಈ ಮಾತು ಯಾರು ಕಲಿಸಿದರೋ! ಅತ್ತೆ ಮೂರು ದಿನ ಸಿಟ್ಟಾಗಿದ್ದರು, ಗದ್ದೆ ಉಳಿಯಿತು.

ಇನ್ನು ಸರ್ಕಾರಿ ಕಾಲೇಜುಗಳು. ಊರಿನ ಜಿಲ್ಲಾ ಆಸ್ಪತ್ರೆಗೆ, ಅಂದರೆ ನಮ್ಮ ಬಾಯಲ್ಲಿ 'ಸಿವಿಲ್'ಗೆ, ಸೇರಿಕೊಂಡ ಬಿಮ್ಸ್ ಆಗ ಹೊಸದು, ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ನೂರು ಕಿಲೋಮೀಟರಿನೊಳಗೆ ಹುಬ್ಬಳ್ಳಿ. ಅದು 1957ರಿಂದ ಇದೆ. ಆಗ ಅದನ್ನು ಕಿಮ್ಸ್ ಎನ್ನುತ್ತಿದ್ದರು. ದೂರದಲ್ಲಿ ಬೆಂಗಳೂರು, ಮೈಸೂರು. ಆಮೇಲೆ ಗದಗ, ಕಾರವಾರ, ಕೊಪ್ಪಳ ಎಂದು ಈಚೆಗೆ ತೆರೆದ ಜಿಲ್ಲಾ ಕಾಲೇಜುಗಳು. ಪರೀಕ್ಷಾ ಪ್ರಾಧಿಕಾರದವರ ಕಂಪ್ಯೂಟರಿನಲ್ಲಿ ಇವನ್ನೆಲ್ಲ ಒಂದು, ಎರಡು, ಮೂರು ಎಂದು ನಮ್ಮ ಇಷ್ಟದಂತೆ ಜೋಡಿಸಬೇಕು. ನ್ಯೂಜೆರ್ಸಿಯಲ್ಲಿರುವ ನನ್ನ ಮೈದುನನ ಹೆಂಡತಿ ಫೋನಿನಲ್ಲಿ ನಕ್ಕಳು. ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ ಮುಗಿಸಿ, ಆಮೇಲೆ ಹದಿನೈದಿಪ್ಪತ್ತು ಕಾಲೇಜಿಗೆ ಅರ್ಜಿ ಹಾಕುತ್ತಾರಂತೆ. ಕರೆದ ಕಾಲೇಜಿನವರೆಲ್ಲ ಎದುರಿಗೆ ಕೂರಿಸಿಕೊಂಡು "ನೀನು ಯಾಕೆ ಡಾಕ್ಟರಾಗಬೇಕು?" ಎಂದು ಕೇಳುತ್ತಾರಂತೆ. ನನ್ನ ಮಗಳನ್ನು ಆ ಪ್ರಶ್ನೆ ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ ಎಂಬುದು ಆ ಫೋನ್ ಇಟ್ಟ ಮೇಲೆ ಹೊಳೆಯಿತು.

ನಾನು ಯಾಕೆ ಕೇಳಲಿಲ್ಲ ಎಂದು ಹೇಳಬೇಕಾದರೆ ಇಪ್ಪತ್ತಮೂರು ವರ್ಷ ಹಿಂದಕ್ಕೆ ಹೋಗಬೇಕು.

1996ರಲ್ಲಿ ನಾನೂ ಸಿ.ಇ.ಟಿ. ಬರೆದವಳು. ನಮಗಿಂತ ನಾಲ್ಕೈದು ವರ್ಷ ಮುಂಚಿನವರಾದರೆ ಮೆಡಿಕಲ್ ಎಂದಕೂಡಲೇ ಕ್ಯಾಪಿಟೇಷನ್ ಎನ್ನುತ್ತಿದ್ದರು. ಉತ್ತರಪ್ರದೇಶದ ಮೋಹಿನಿ ಜೈನ್ ಎಂಬ ಹುಡುಗಿ ತುಮಕೂರಿನಲ್ಲಿ ಸೀಟು ಕೇಳಿದಾಗ ಸರ್ಕಾರಿ ಕೋಟಾದವರಿಗೆ ವರ್ಷಕ್ಕೆ 2,000 ರೂಪಾಯಿ, ಆಕೆಯಂಥ ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕವಿತ್ತು. ಆಕೆ ಸುಪ್ರೀಂ ಕೋರ್ಟಿಗೆ ಹೋದಳು. 1992ರಲ್ಲಿ ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಬಂತು. ಮರುವರ್ಷ ಇನ್ನೊಂದು ಪ್ರಕರಣದಲ್ಲಿ ಖಾಸಗಿ ಕಾಲೇಜುಗಳ ಅರ್ಧ ಸೀಟುಗಳನ್ನು ಅಂಕದ ಮೇಲೆ, ಸರ್ಕಾರಿ ಶುಲ್ಕಕ್ಕೇ ಕೊಡಬೇಕೆಂದಾಯಿತು. ಆ 'ಫ್ರೀ ಸೀಟಿ'ನ ಪುಣ್ಯದಿಂದಲೇ ನಮ್ಮಂಥ ಪಗಾರದ ಮನೆಯ ಹುಡುಗಿಯರು ಡಾಕ್ಟರಕಿಯ ಕನಸು ಕಾಣತೊಡಗಿದ್ದು. ಅಂದರೆ ನನ್ನ ವಿಷಯದಲ್ಲಿ ದುಡ್ಡಿನ ನೆವವೂ ಇರಲಿಲ್ಲ, ಇದನ್ನು ನೀವು ಗಮನಿಸಬೇಕು.

ಆಗ ಬೆಂಗಳೂರಿಗೇ ಹೋಗಿ ಸೀಟು ಆರಿಸಿಕೊಳ್ಳಬೇಕು. ರಾತ್ರಿ ಬಸ್ಸಿಗೆ ನಾನೂ ಅಪ್ಪನೂ ಹೊರಟೆವು. ಅವ್ವ ತೀರಿಕೊಂಡು ವರ್ಷವಾಗಿರಲಿಲ್ಲ. ಅಣ್ಣ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಅಪ್ಪನ ತೊಡೆಯ ಮೇಲೆ ಹಸಿರು ಲಾಡಿಯ ಫೈಲು. ಅದರಲ್ಲಿ ನನ್ನ ಅಂಕಪಟ್ಟಿಗಳು, ಅವಕ್ಕೆ ಮೂರು ಮೂರು ಝೆರಾಕ್ಸ್. ಸಭಾಂಗಣದ ತುಂಬ ನನ್ನಂಥ ಹುಡುಗಿಯರು, ಅಪ್ಪನಂಥ ಅಪ್ಪಂದಿರು. ಯಾವ ಕಾಲೇಜಿನಲ್ಲಿ ಇನ್ನೆಷ್ಟು ಸೀಟು ಉಳಿದಿವೆ ಎಂಬ ಅಂಕಿಗಳು ಪರದೆಯ ಮೇಲೆ ಒಂದೊಂದೇ ಇಳಿಯುತ್ತಿದ್ದವು. ಅಂಕಿ ಇಳಿಯುವುದನ್ನು ನೋಡುತ್ತ ಕೂರುವುದು ಎಂಥ ಸಂಕಟ ಗೊತ್ತೇ? ನನಗಿಂತ ಮೇಲಿನ ರ್‍ಯಾಂಕಿನ ಯಾರೋ ಎದ್ದು ಹೋಗುವಾಗೆಲ್ಲ, ಈಕೆ ಮೈಸೂರು ತಗೊಳ್ಳಲಿ, ಬೆಂಗಳೂರು ತಗೊಳ್ಳಲಿ, ನನ್ನ ಹುಬ್ಬಳ್ಳಿಯನ್ನು ಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ನನ್ನ ಸರತಿಗೆ ಇನ್ನೂ ಹತ್ತಿಪ್ಪತ್ತು ಜನ ಇರುವಾಗಲೇ ಬೆಳಗಾವಿ ಸೊನ್ನೆಯಾಯಿತು. ಆಮೇಲೆ ಹುಬ್ಬಳ್ಳಿ ಸೊನ್ನೆಯಾಯಿತು. ಬಳ್ಳಾರಿ ಮಾತ್ರ ಇತ್ತು.

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಫೈಲಿನ ಲಾಡಿ ಕಟ್ಟುತ್ತಿದ್ದರು.

"ಆ ಬಿಸಲಾಗ ಹೆಣ್ಣಹುಡುಗಿ ಒಬ್ಬಾಕಿ ಹೆಂಗ ಇರತಿ? ನಡಿ, ಮನಿಗೆ ಹೋಗೂಣು."

ಅಷ್ಟೇ. ನನ್ನ ಹೆಸರು ಕರೆಯುವಾಗ ನಾವು ಹೊರಗೆ ಆಟೋ ಹುಡುಕುತ್ತಿದ್ದೆವು. ಸುರತ್ಕಲ್ಲಿನ ಸೆಕೆಯ ಬಗ್ಗೆ ಅಣ್ಣನನ್ನು ಯಾರೂ ಕೇಳಿರಲಿಲ್ಲ. ವಾಪಸು ಬರುವಾಗ ದಾವಣಗೆರೆ ಸ್ಟ್ಯಾಂಡಿನಲ್ಲಿ ಅಪ್ಪ ಬಾಳೆಹಣ್ಣು ಕೊಂಡುತಂದು, "ಬಿ.ಎಸ್ಸಿ. ಮಾಡು. ಎಲ್ಲಿ ಓದಿದರೂ ಓದೇ ಅಲ್ಲೇನು?" ಎಂದರು. ಬಿ.ಎಸ್ಸಿ. ಮಾಡಿದೆ, ಮದುವೆಯಾಯಿತು, ಬಿ.ಎಡ್. ಮಾಡಿದೆ. ಹೈಸ್ಕೂಲಿನ ಹುಡುಗರಿಗೆ ಹೃದಯದ ನಾಲ್ಕು ಕೋಣೆಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತ ಬಂದಿದ್ದೇನೆ. ಒಳ್ಳೆಯ ಟೀಚರ್ ಎಂದು ಹೆಸರೂ ಇದೆ. ಆದರೂ ಪುಸ್ತಕದ ಕಪಾಟಿನಲ್ಲಿ ಅನುಪಮಾ ನಿರಂಜನರ 'ತಾಯಿ-ಮಗು' ಕಂಡಾಗಲೆಲ್ಲ, ಬಸುರಿಯರು ಆ ಪುಸ್ತಕವನ್ನು ಓದಿದ ರೀತಿಯಲ್ಲಿ ನಾನು ಓದಲಿಲ್ಲ ಎಂಬುದು ನೆನಪಾಗುತ್ತದೆ. ಆ ಲೇಖಕಿಯ ಹೆಸರಿನ ಹಿಂದಿನ 'ಡಾ.' ಎಂಬ ಒಂದೇ ಅಕ್ಷರವನ್ನು ನೋಡುತ್ತ ಓದಿದ್ದೆ.

ಹೀಗಾಗಿ ಮಗಳ ಪಟ್ಟಿಯಲ್ಲಿ ಮೊದಲಿಗೆ ಬೆಂಗಳೂರು ಇರಲಿ ಎಂದು ಹಟ ಹಿಡಿದವಳು ನಾನೇ. ಎಷ್ಟು ದೂರವೋ ಅಷ್ಟು ಒಳ್ಳೆಯದು ಎಂಬಂತೆ!

ಮಗಳು ಪಟ್ಟಿ ಮಾಡುವ ಮೊದಲು ನಮ್ಮ ಓಣಿಯ ಡಾಕ್ಟರಬಾಯಿಯವರಲ್ಲಿಗೆ ಹೋದಳು. ಅವರು ಎಪ್ಪತ್ತು ದಾಟಿದ ಹೆರಿಗೆ ಡಾಕ್ಟರು. ಈ ಭಾಗದ ಎಷ್ಟು ಜನರ ನಾಳ ಕತ್ತರಿಸಿದ್ದಾರೋ ಅವರಿಗೇ ಲೆಕ್ಕವಿಲ್ಲ. ಅವರು ಕಾಲೇಜಿನ ಹೆಸರು ಕೇಳಲೇ ಇಲ್ಲ.

"ಕಟ್ಟಡ ನೋಡಬ್ಯಾಡ, ಕಾಟು ನೋಡು. ಯಾವ ದವಾಖಾನ್ಯಾಗ ಮಂದಿ ನೆಲದ ಮ್ಯಾಲೂ ಮಲಗಿರತಾರ, ಅಲ್ಲಿ ಕಲೀತಿ. ಹಾಸ್ಟೆಲಿನಿಂದ ಕ್ಯಾಜುವಾಲಿಟಿಗೆ ಹೋಗೂ ದಾರ್‍ಯಾಗ ದೀಪ ಅದಾವೇನು ನೋಡಕೊಂಡ ಬಾ. ಅದನ್ನ ಯಾವ ಹೊತ್ತಿಗ್ಯಾಗೂ ಬರಿಯೂದಿಲ್ಲ. ಮತ್ತ ಒಂದ ಮಾತು, ದವಾಖಾನಿ ಕಲಸೂದು ರಾತ್ರಿ. ಸಂಜಿಗೆ ಊಟಕ್ಕ ಮನಿಗೆ ಹೋಗೂ ಹುಡುಗೂರು ಅರ್ಧಾನ ಕಲೀತಾರ."

ಮಗಳು ಆ ಮಾತನ್ನು ಗಂಟು ಹಾಕಿಕೊಂಡಳು. ಮುಂಜಾನೆ ಎಂಟಕ್ಕೇ ಸಿವಿಲ್ ಆಸ್ಪತ್ರೆಯ ಹೊರರೋಗಿಗಳ ಸಾಲಿನ ಬಳಿ ಹೋಗಿ ನಿಂತಳು. ಕೆ.ಎಲ್.ಇ. ಕಾಲೇಜು ಶುರುವಾದ ಕಾಲದಲ್ಲಿ ಆ ಹುಡುಗರೂ ಕಲಿತದ್ದು ಈ ಸಿವಿಲ್ ವಾರ್ಡುಗಳಲ್ಲೇ. ಗೋಕಾಕ, ಬೈಲಹೊಂಗಲದವರು ಕನ್ನಡದಲ್ಲಿ, ಖಾನಾಪುರದವರು ಮರಾಠಿಯಲ್ಲಿ, ಇನ್ನು ಕೆಲವರು ಉರ್ದುವಿನಲ್ಲಿ ನೋವು ಹೇಳುವ ಸಾಲು ಅದು. ಎಲ್ಲ ಭಾಷೆಯಲ್ಲೂ ಹೊಟ್ಟೆ ಹಿಡಿದುಕೊಳ್ಳುವುದು ಮಾತ್ರ ಒಂದೇ ರೀತಿ ಎಂದು ಬಂದು ಹೇಳಿದಳು.

ಖಾನಾಪುರದಿಂದ ದಿನಾ ಬರುವ ನಮ್ಮ ಮನೆಗೆಲಸದಾಕೆಗಂತೂ ಇದರಲ್ಲಿ ಸಂಶಯವೇ ಇರಲಿಲ್ಲ. "ಇಥಂಚ ಶಿಕ ಗ ಬಾಯ್" ಎಂದಳು, ಇಲ್ಲೇ ಕಲಿ ಎಂದು. ಅವಳ ತಂಗಿಯನ್ನು ಕೊಟ್ಟದ್ದು ಭೀಮಗಡದ ಕಾಡಿನೊಳಗಿನ ಹಳ್ಳಿಗೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ಕಡೆಯ ಊರುಗಳಿಗೆ ದಾರಿಯೇ ಇಲ್ಲ. ಹೆರಿಗೆ ನೋವು ಬಂದವಳನ್ನು ಕಂಬಳಿಯ ಜೋಲಿಯಲ್ಲಿ ನಾಲ್ಕು ಜನ ಹೊತ್ತು ನಡೆದಿದ್ದರು. ರಸ್ತೆ ಸಿಗುವುದರೊಳಗೆ ಮಗು ಹುಟ್ಟಿ, ಹೋಗಿಬಿಟ್ಟಿತ್ತು. ಇದನ್ನು ಆಕೆ ಪಾತ್ರೆ ತಿಕ್ಕುತ್ತಲೇ ಹೇಳಿದಳು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಆವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಮುಂದಿನ ವಾರ ನಾವಿಬ್ಬರೂ ಹುಬ್ಬಳ್ಳಿಗೆ ಹೋದೆವು. ನಾನು ಗೇಟಿನೊಳಗೆ ಕಾಲಿಟ್ಟಾಗ ಎದೆ ಹೊಡೆದುಕೊಂಡದ್ದನ್ನು ಮಗಳಿಗೆ ಹೇಳಲಿಲ್ಲ. ಕಟ್ಟೆಯ ಮೇಲೆ ಒಂದು ತಾಸು ಕೂತೆವು. ಮಗಳು ಯಾರು ಯಾವ ಊರಿನವರು ಎಂದು ಕೇಳುತ್ತ ಹೋದಳು. ಅಣ್ಣಿಗೇರಿ, ಕುಂದಗೋಳ, ಶಿಗ್ಗಾವಿ, ಮುಂಡಗೋಡ, ಲಕ್ಷ್ಮೇಶ್ವರ, ಯಲ್ಲಾಪುರ. ಒಂದು ಬಸ್‌ಸ್ಟ್ಯಾಂಡಿನ ಬೋರ್ಡಿನಷ್ಟು ಊರುಗಳು! ಹಾಸ್ಟೆಲಿನ ದಾರಿಯನ್ನು ಹೆಜ್ಜೆ ಹಾಕಿ ನಡೆದು, ದೀಪದ ಕಂಬಗಳನ್ನು ಎಣಿಸಿದಳು. ನಾನು ಮೆಸ್ಸಿನ ಸಾರನ್ನು ಮೂಸಿ ನೋಡಿದೆ. ತಾಯಂದಿರ ಪರೀಕ್ಷೆಯೇ ಬೇರೆ.

ಕೊನೆಗೆ ನನ್ನ ಹಟಕ್ಕೆ ಬೆಂಗಳೂರನ್ನು ಮೊದಲು ಬರೆದಳು. ಅದು ಸಿಗುವುದಿಲ್ಲ ಎಂಬುದು ಅವಳಿಗೂ ನನಗೂ ಗೊತ್ತಿತ್ತು. ಎರಡನೆಯದು ಹುಬ್ಬಳ್ಳಿ, ಮೂರನೆಯದು ಬೆಳಗಾವಿ. ಮೊದಲ ಸುತ್ತಿನಲ್ಲಿ ಸಿಕ್ಕದ್ದು ಬೆಳಗಾವಿ.

ಈಗ ನೋಡಿ ಕಥೆ. ಸೀಟು ಸಿಕ್ಕ ಮೇಲೆ ಪ್ರಾಧಿಕಾರದವರು ಮತ್ತೆ ನಾಲ್ಕು ದಾರಿ ಕೊಡುತ್ತಾರೆ. ಒಂದು ಒತ್ತಿದರೆ, ಇದೇ ಸಾಕು, ಸೇರುತ್ತೇನೆ ಎಂದು. ಎರಡು ಒತ್ತಿದರೆ, ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನದು ಬಂದರೆ ಅದಕ್ಕೆ ಹೋಗುತ್ತೇನೆ ಎಂದು. ಮೂರು ಎಂದರೆ ಇದು ಬೇಡ, ಬೇರೆ ನೋಡುತ್ತೇನೆ. ನಾಲ್ಕು ಎಂದರೆ ಆಟವೇ ಬೇಡ. ಎರಡರಲ್ಲಿ ಒಂದು ತೊಡಕಿದೆ. ಮೇಲಿನದು ಬಂತೆಂದರೆ ಕೆಳಗಿನದು ತಾನಾಗಿ ರದ್ದು. ಆಮೇಲೆ ಅತ್ತರೂ ಹಿಂದೆ ಬರುವಂತಿಲ್ಲ.

ಮಗಳು ಎರಡು ಎಂದಳು. ನಾನು ಒಂದು ಎಂದೆ.

ಹೌದು, ನಾನೇ. ದೂರ ದೂರ ಎನ್ನುತ್ತಿದ್ದ ನಾನು. ಬೆಂಗಳೂರು ಎನ್ನುವುದು ಬರೀ ಒಂದು ಹೆಸರಾಗಿದ್ದಾಗ ದೊಡ್ಡ ಮಾತಾಡುವುದು ಸುಲಭವಿತ್ತು. ಬೆಳಗಾವಿ ಸೀಟು ಕೈಗೆ ಬಂದ ಮರುಗಳಿಗೆಯಿಂದ ನನ್ನ ಬಾಯಲ್ಲಿ ಯಾವ್ಯಾವ ಮಾತು ಬಂದವು ಎನ್ನುತ್ತೀರಿ! ಮನೆಯ ಊಟವೇನು ಕಡಿಮೆಯೇ? ಸ್ಕೂಟಿ ಕೊಡಿಸುತ್ತೇನೆ. ಖಾನಾಪುರದ ಆ ಹೆಣ್ಣುಮಕ್ಕಳ ಗತಿಯೇನು? ಕೆಲಸದಾಕೆಯ ತಂಗಿಯ ಮಗುವನ್ನೂ ನನ್ನ ವಾದಕ್ಕೆ ಬಳಸಿಕೊಂಡೆ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ರಾತ್ರಿ ಕಲಿಸ್ತದ ಅಂತಾರ ಅವ್ವಾ. ಇಲ್ಲಿದ್ರ ನೀ ಒಂಬತ್ತಕ್ಕ ಫೋನ್ ಮಾಡಿ ಕರೀತಿ" ಎಂದಳು ಮಗಳು. ಅದು ಸುಳ್ಳಲ್ಲ. ಆದರೂ ಕೊನೆಯ ಬಾಣ ಬಿಟ್ಟೆ.

"ಎಂ.ಬಿ.ಬಿ.ಎಸ್. ಎಂ.ಬಿ.ಬಿ.ಎಸ್ಸೇ. ಎಲ್ಲಿ ಓದಿದರೂ ಓದೇ ಅಲ್ಲೇನು?"

ಅಪ್ಪ ಕಿಟಕಿಯ ಬಳಿ ಪೇಪರು ಓದುತ್ತಿದ್ದರು. ಪೇಪರು ಕೆಳಗಿಳಿಯಿತು. ನನ್ನನ್ನು ನೋಡಲಿಲ್ಲ, ಮೊಮ್ಮಗಳನ್ನು ನೋಡಿದರು.

"ಎರಡು ಒತ್ತವಾ. ಎರಡು ಒತ್ತು."

ಅವಳು ಒತ್ತಿಬಿಟ್ಟಳು.

ಆ ರಾತ್ರಿ ನಾನು ಅಡುಗೆಮನೆಯಲ್ಲಿ ಮಡಕೆ ಕಾಳು ನೆನೆಹಾಕುತ್ತಿದ್ದಾಗ ಅಪ್ಪ ನೀರು ಕುಡಿಯುವ ನೆವದಿಂದ ಬಂದರು. ತಂಬಿಗೆ ಹಿಡಿದುಕೊಂಡೇ ನಿಂತರು.

"ಬಳ್ಳಾರಿ ಬಿಸಲು ಅಂದೆ ಆವತ್ತು. ಬಿಸಲಲ್ಲ ಅದು. ನಿಮ್ಮವ್ವ ಹೋಗಿದ್ಲು. ಅವನೂ ಸುರತ್ಕಲ್ಲಿನ್ಯಾಗ. ನೀನೂ ಹೋದ್ರ ಮನ್ಯಾಗ ಒಬ್ಬಾಂವ ಹೆಂಗ ಕೂಡೂದು ಅಂತ ತಿಳೀಲಿಲ್ಲ."

ನಾನು ಏನೂ ಅನ್ನಲಿಲ್ಲ. ಏನು ಅನ್ನಬೇಕಿತ್ತು? ಕಾಳಿಗೆ ನೀರು ಹೆಚ್ಚಾಗಿತ್ತು, ಬಗ್ಗಿಸಿದೆ. ಇಪ್ಪತ್ತಮೂರು ವರ್ಷ ನಾನು ಬಳ್ಳಾರಿಯ ಬಿಸಿಲಿನ ಜೊತೆ ಜಗಳವಾಡಿದ್ದೆ. ಈಗ ಯಾರ ಜೊತೆ ಆಡುವುದು? ಸಿಟ್ಟು ಹೋಯಿತೇ ಎಂದು ಕೇಳಬೇಡಿ. ಹೋಗಲಿಲ್ಲ. ಆದರೆ ಆವತ್ತು ಮಧ್ಯಾಹ್ನ ಸ್ಕೂಟಿ ಕೊಡಿಸುತ್ತೇನೆ ಎಂದವಳ ಎದೆಯಲ್ಲಿ ಇದ್ದದ್ದೇನು ಎಂಬುದು ನನಗೂ ಗೊತ್ತಿತ್ತು. ನಮ್ಮವರು ಊರೂರು ತಿರುಗುವ ಕೆಲಸದವರು. ಈ ಮನೆಯಲ್ಲಿ ಸಂಜೆ ಆರರ ಮೇಲೆ ಮಾತು ಎನ್ನುವುದು ಇದ್ದರೆ ಅದು ಮಗಳದೇ.

ಎರಡನೆಯ ಸುತ್ತಿನಲ್ಲಿ ಹುಬ್ಬಳ್ಳಿ ಬಂತು. ಬೆಳಗಾವಿ ತಾನಾಗಿ ರದ್ದಾಯಿತು.

2019ರ ಆಗಸ್ಟಿನಲ್ಲಿ ಬೆಳಗಾವಿಗೆ ಎಂಥ ಮಳೆ ಬಂತು ನಿಮಗೆ ನೆನಪಿರಬಹುದು. ಆ ಮಳೆ ನಿಂತ ಮೇಲೆ ಟ್ರಂಕು, ಗಾದಿ, ಎರಡು ಡಬ್ಬಿ ಚಟ್ನಿಪುಡಿ ಹೊತ್ತು ಕಿತ್ತೂರು ದಾಟಿ ಹೋಗಿ ಬಿಟ್ಟುಬಂದೆವು. ಡಾಕ್ಟರಬಾಯಿ ತಮ್ಮ ಹಳೆಯ ಸ್ಟೆತಾಸ್ಕೋಪು ಕೊಟ್ಟಿದ್ದರು. ಅದರ ರಬ್ಬರು ಬಿರುಕುಬಿಟ್ಟಿತ್ತು, ಉಪಯೋಗಕ್ಕೆ ಬರುವಂತಿರಲಿಲ್ಲ. ಆದರೂ ಟ್ರಂಕಿನ ಮೇಲ್ಗಡೆಗೇ ಇಟ್ಟಳು. ಮುಂದೆ ಏಳು ತಿಂಗಳಿಗೆ ಕೊರೋನಾ ಬಂದು ಎಲ್ಲ ಹುಡುಗರನ್ನೂ ಮನೆಗೆ ಕಳಿಸಿದರು. ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತ ಮನೆಯಲ್ಲಿ ತಿರುಗಾಡುತ್ತಿದ್ದಳು, ಅಪ್ಪ ಹಿಂದಿನಿಂದ ತಪ್ಪಾಗಿ ಹೇಳುತ್ತಿದ್ದರು. ಅಂತೂ ನಾನು ಬಯಸಿದ್ದು ನನಗೆ ಸಿಕ್ಕಿತ್ತು. ಆದರೆ ಹುಡುಗಿಯ ಮುಖ ನೋಡಿದರೆ ಸಾಕಾಗುತ್ತಿತ್ತು. ಹಾಸ್ಟೆಲ್ ಮತ್ತೆ ತೆರೆಯಿತು ಎಂದಾಗ ನಾನೇ ಗಾದಿ ಬಿಸಿಲಿಗೆ ಹಾಕಿದೆ.

ಮೊದಲ ಸಲ ವಾರ್ಡಿಗೆ ಹಾಕಿದ ಮೇಲೆ ಒಂದು ರಾತ್ರಿ ಫೋನ್ ಬಂತು. ಎರಡನೇ ಗೇಟು ಬಿದ್ದಿತ್ತು, ನಾನು ಸ್ಕೂಟರಿನ ಮೇಲೆ ಕೂತೇ ಕೇಳಿದೆ. ಹಳಿಯಾಳದ ಕಡೆಯ ಒಬ್ಬ ಅಜ್ಜಿ, ಮರಾಠಿ ಬಿಟ್ಟರೆ ಬೇರೆ ಬರುವುದಿಲ್ಲ. ಜೊತೆಗೆ ಬಂದಿದ್ದ ಮಗ ಔಷಧ ತರಲು ಹೋಗಿ ಎಷ್ಟೊತ್ತಾದರೂ ಬಂದಿಲ್ಲ. ಅಜ್ಜಿ ಯಾರ ಕೈಗೂ ಸಿಗದೆ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ದೊಡ್ಡ ಡಾಕ್ಟರು ಹುಡುಗರ ಕಡೆ ತಿರುಗಿ, ಮರಾಠಿ ಬರುವವರು ಯಾರಿದ್ದೀರಿ ಎಂದರಂತೆ. ನಮ್ಮ ಹುಡುಗಿ ಕೈ ಎತ್ತಿ ಮುಂದೆ ಹೋಗಿ, ಎಲ್ಲಿ ನೋವು ಅಜ್ಜಿ ಎಂದು ಕೇಳಿದರೆ, ಅಜ್ಜಿ ನೋವು ಹೇಳುವುದು ಬಿಟ್ಟು, ಮುಖದ ಮೇಲಿನ ಸೆರಗು ತೆಗೆದು, "ತೂ ಕುಣಾಚಿ ಗ?" ನೀನು ಯಾರ ಮಗಳೇ ಎಂದಳಂತೆ.

"ನೀ ಏನಂದಿ?"

"ಟಿಳಕವಾಡೀಚಿ ಅಂದೆ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಹಳಿಯಾಳದಾಕಿಗೆ ಟಿಳಕವಾಡಿ ಗೊತ್ತಿತ್ತೇನು?"

ಅದನ್ನು ಕೇಳುವುದು ನಾನು ಮರೆತಿದ್ದೆ.